ಹಿಮ್ಮಡಿ ಹುಣ್ಣಾದ ಮೊಲಕ್ಕೆ ಯಾವ ಹಾಸು? ಕರಾವಳಿ ಮನೆಗಳಿಗೊಂದು ಹೋಲಿಕೆ

ನಾಯಿ, ಬೆಕ್ಕಿನ ಪಾದದಡಿ ಇರುವ ಮೆತ್ತನೆಯ ಗದ್ದುಗೆ ಮೊಲಕ್ಕಿಲ್ಲ. ಅಂಗಾಲಿನ ದಟ್ಟ ರೋಮವೇ ಅದಕ್ಕೆ ರಕ್ಷಣೆ. ಅದು ಸವೆದರೆ ಹಿಮ್ಮಡಿಯ ಮೂಳೆಗೂ ನೆಲಕ್ಕೂ ನಡುವೆ ತೆಳು ಚರ್ಮ ಮಾತ್ರ ಉಳಿಯುತ್ತದೆ. ಮೊದಲು ಬೋಳಾಗುತ್ತದೆ, ಆಮೇಲೆ ಕೆಂಪಾಗಿ ದಡ್ಡುಗಟ್ಟುತ್ತದೆ, ಕೊನೆಗೆ ಒಡೆದು ಹುಣ್ಣು. ಸೋರ್ ಹಾಕ್ಸ್ ಅಂದರೆ ಇದೇ. ರೋಮ ಗಿಡ್ಡವಿರುವ ರೆಕ್ಸ್ ತಳಿಗೂ ತೂಕ ಹೆಚ್ಚಾದ ಮೊಲಗಳಿಗೂ ಇದು ಬೇಗ ಬರುತ್ತದೆ.

ಹಾಸು ಮೆತ್ತಗಿದ್ದರೆ ಸಾಕು ಅನ್ನುವುದು ಮಂಗಳೂರು, ಉಡುಪಿಯ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಡೆಯದ ಮಾತು. ಒದ್ದೆ ಹಾಸಿನ ಮೇಲೆ ಕೂತ ಪಾದದ ಚರ್ಮ ನೆನೆದು ಬೇಗ ಒಡೆಯುತ್ತದೆ. ಹಾಗಾಗಿ ಇಲ್ಲಿ ಮೊದಲ ಅಂಕ ಒಣಗುವ ಗುಣಕ್ಕೆ, ಮೆತ್ತಗಿರುವುದಕ್ಕೆ ಎರಡನೆಯದು.

ತಂತಿ ತಳದ ಪಂಜರ ಹೋಲಿಕೆಗೇ ಬರುವುದಿಲ್ಲ. ಹುಣ್ಣಿರುವ ಮೊಲವನ್ನು ಅದರಿಂದ ಇವತ್ತೇ ಇಳಿಸಿ.

ಕಾವಿ ನೆಲ, ವಿಟ್ರಿಫೈಡ್ ಟೈಲ್ಸ್ ಎರಡೂ ಗಟ್ಟಿ, ಎರಡೂ ಜಾರುತ್ತವೆ. ಜಾರುವ ನೆಲದಲ್ಲಿ ಮೊಲ ಭಾರವನ್ನೆಲ್ಲ ಹಿಮ್ಮಡಿಗೆ ಹಾಕಿ ಕೂರುತ್ತದೆ. ಆದರೆ ಏಪ್ರಿಲ್, ಮೇ ಸೆಕೆಯಲ್ಲಿ ಮೈ ಚಾಚಿ ಮಲಗಲು ಅದಕ್ಕೆ ತಂಪು ನೆಲವೂ ಬೇಕು. ಒಂದು ಮೂಲೆಯನ್ನು ಬರಿದಾಗಿ ಬಿಡಿ, ಪೂರ್ತಿ ಮುಚ್ಚಬೇಡಿ.

ತೆಂಗಿನ ನಾರಿನ ಮ್ಯಾಟ್ ಊರಲ್ಲೇ ಅಗ್ಗಕ್ಕೆ ಸಿಗುತ್ತದೆ, ಹಿಡಿತವೂ ಚೆನ್ನಾಗಿದೆ. ಆದರೆ ಉಳಿದ ರೋಮವನ್ನೂ ಅದು ಉಜ್ಜಿ ತೆಗೆಯುತ್ತದೆ. ಗೋಣಿಚೀಲದ್ದೂ ಅದೇ ಕತೆ, ಜೊತೆಗೆ ಬಿಚ್ಚಿದ ಎಳೆ ಉಗುರಿಗೆ ಸುತ್ತಿಕೊಳ್ಳುತ್ತದೆ. ಓಲೆಯ ಚಾಪೆ ಬೇಸಿಗೆಯಲ್ಲಿ ಒಳ್ಳೆಯದು: ತಂಪು, ಕಚ್ಚಿದರೂ ಅಪಾಯ ಕಡಿಮೆ. ಮಳೆ ಹಿಡಿದ ಮೇಲೆ ಅಡಿಯಲ್ಲಿ ಬೂಷ್ಟು ಬರುತ್ತದೆ, ಆಗ ಎಸೆಯುವುದೇ ಸರಿ. ಬೈಹುಲ್ಲು ದಪ್ಪಕ್ಕೆ ಹರಡಿದರೆ ಸುಖವಾಗಿರುತ್ತದೆ, ಆದರೆ ಮಳೆಗಾಲದಲ್ಲಿ ಬೂಷ್ಟಿಲ್ಲದ ಹುಲ್ಲು ಹುಡುಕುವುದೇ ಕಷ್ಟ.

ಮಕ್ಕಳ ಕೋಣೆಗೆ ಹಾಕುವ ಫೋಮ್ ಮ್ಯಾಟ್ ನೋಡಲು ಚಂದ. ಮೊಲ ಅಂಚನ್ನು ಕಚ್ಚಿ ನುಂಗಿದರೆ ಕರುಳಿಗೆ ಅಡ್ಡ ಬರುತ್ತದೆ, ಜೋಡಣೆಯ ಸಂದಿಯಲ್ಲಿ ಮೂತ್ರ ಇಳಿದು ಅಡಿಯಲ್ಲೇ ನಿಲ್ಲುತ್ತದೆ. ಬೇಡ. ಟರ್ಕಿ ಟವಲ್ ಮೆತ್ತಗಿದೆ, ಆದರೆ ಹೀರಿದ ನೀರನ್ನು ಬಿಡದೆ ಹಿಡಿದುಕೊಳ್ಳುತ್ತದೆ. ಅದರ ದಾರದ ಕುಣಿಕೆಗೆ ಉಗುರು ಸಿಕ್ಕಿ ಕಿತ್ತುಬರುವುದೂ ಉಂಟು.

ನಮ್ಮ ಆಯ್ಕೆ ಮೂರು ಪದರದ್ದು. ಅಡಿಯಲ್ಲಿ ಹಟ್ಟಿಯಲ್ಲಿ ದನಗಳಿಗೆ ಹಾಸುವ ರಬ್ಬರ್ ಮ್ಯಾಟ್, ನಡುವೆ ನಾಲ್ಕು ಮಡಿಕೆಯ ಹಳೆ ಹತ್ತಿ ಪಂಚೆ, ಮೇಲೆ ಫ್ಲೀಸ್ ಎಂಬ ಕಂಬಳಿಯಂಥ ಮೆತ್ತನೆಯ ಬಟ್ಟೆ. ಫ್ಲೀಸ್ ಪಾಲಿಯೆಸ್ಟರ್ ಆದ್ದರಿಂದ ನೀರನ್ನು ಹಿಡಿದಿಡದೆ ಕೆಳಕ್ಕೆ ಬಿಡುತ್ತದೆ, ಮೇಲ್ಮೈ ಒಣಗಿಯೇ ಇರುತ್ತದೆ. ನಡುವೆ ಪಂಚೆ ಇಲ್ಲದೆ ನೇರ ರಬ್ಬರ್ ಮೇಲೆ ಹಾಸಿದರೆ ಮೂತ್ರ ಇಳಿಯಲು ಜಾಗವಿಲ್ಲದೆ ಅಲ್ಲೇ ಹರಡುತ್ತದೆ. ಹೆಚ್ಚಿನವರು ಎಡವುವುದು ಇಲ್ಲೇ. ಹೊಸ ಫ್ಲೀಸ್ ಮೇಲೆ ನೀರು ಹನಿಯಾಗಿ ಉರುಳುತ್ತದೆ. ಎರಡು ಮೂರು ಸಲ ಬಿಸಿನೀರಲ್ಲಿ ಒಗೆದು, ಒಂದು ಚಮಚ ನೀರು ಹಾಕಿ ನೋಡಿ: ತಕ್ಷಣ ಇಳಿದರೆ ಬಳಕೆಗೆ ಸಿದ್ಧ. ಬಟ್ಟೆ ಮೃದು ಮಾಡುವ ಲಿಕ್ವಿಡ್ ಹಾಕಿದರೆ ಈ ಗುಣವೇ ಹೋಗುತ್ತದೆ. ಉದ್ದ ಜೂಲಿನ ಕಂಬಳಿ ಕೊಳ್ಳಬೇಡಿ, ಗಿಡ್ಡ ರೋಮದ್ದೇ ಆಗಬೇಕು.

ರಬ್ಬರ್ ಮ್ಯಾಟ್ ಹೊಸತಾದಾಗ ಗಬ್ಬು ವಾಸನೆ. ತೊಳೆದು ಕೆಲವು ದಿನ ಗಾಳಿಗೆ ಇಡಿ. ಫ್ಲೀಸನ್ನು ನಾಲ್ಕೂ ಕಡೆ ಅರ್ಧ ಅಡಿ ಹೆಚ್ಚು ಕತ್ತರಿಸಿ ಅಂಚನ್ನು ಮ್ಯಾಟಿನಡಿ ಮಡಚಿ, ಮೊಲಕ್ಕೆ ಕಚ್ಚಲು ತುದಿ ಸಿಗಬಾರದು. ಆದರೂ ತೂತು ಮಾಡಿ ತಿನ್ನುವ ಮೊಲಕ್ಕೆ ಫ್ಲೀಸ್ ಸಲ್ಲದು, ಹತ್ತಿ ಬಟ್ಟೆಯನ್ನೇ ಹಾಸಿ ದಿನಕ್ಕೆರಡು ಸಲ ಬದಲಿಸಬೇಕು. ಆಟಿಯಲ್ಲಿ (ಜುಲೈ-ಆಗಸ್ಟ್‌ನ ತುಳು ತಿಂಗಳು) ನೆಲ ಬೆವರುವುದರಿಂದ ವಾರಕ್ಕೊಮ್ಮೆ ಮ್ಯಾಟ್ ಎತ್ತಿ ಅಡಿಯನ್ನೂ ಒರೆಸಿ. ಪಂಚೆ ದಿನಾ ಬದಲಿಸಿ, ಫ್ಲೀಸ್ ಎರಡು ದಿನಕ್ಕೊಮ್ಮೆ. ಮೂರು ಜೊತೆ ಇದ್ದರೆ ಮಳೆಗಾಲ ಸುಧಾರಿಸಬಹುದು. ಫ್ಲೀಸ್ ಫ್ಯಾನಿನಡಿ ಒಣಗುತ್ತದೆ, ಪಂಚೆಗೆ ಕೆಲವೊಮ್ಮೆ ಇಸ್ತ್ರಿಯೇ ಗತಿ. ಮೂತ್ರದ ಬಿಳಿ ಕಲೆಗೆ ವಿನೆಗರ್ ಸಾಕು.

ಹಾಸು ಬದಲಿಸಿದರೂ ಹುಣ್ಣು ಮಾಯದಿದ್ದರೆ ಕಕ್ಕಸು ಟ್ರೇ ನೋಡಿ. ಮೊಲ ಗಂಟೆಗಟ್ಟಲೆ ಕೂರುವುದು ಅಲ್ಲೇ. ಅದರ ಮೇಲಿನ ಜಾಲರಿ ತೆಗೆದು, ಅಡಿಗೆ ಮರದ ಪೆಲೆಟ್ (ಮರದ ಹುಡಿಯನ್ನು ಒತ್ತಿ ಮಾಡಿದ ಗುಳಿಗೆ), ಮೇಲೆ ಮೂರು ಇಂಚು ಒಣಹುಲ್ಲು ಹಾಕಿ. ಉಗುರು ಉದ್ದವಾದರೆ ಬೆರಳು ಮೇಲೆದ್ದು ಭಾರ ಹಿಂದಕ್ಕೆ ಹೋಗುತ್ತದೆ, ಕತ್ತರಿಸಿ. ಪಾದದ ರೋಮವನ್ನು ಮಾತ್ರ ಯಾವ ಕಾರಣಕ್ಕೂ ಬೋಳಿಸಬೇಡಿ.

ಚರ್ಮ ಒಡೆದಿದ್ದರೆ, ಕೀವು, ಊತ ಕಂಡರೆ, ಮೊಲ ಕುಂಟಿದರೆ ಪಶುವೈದ್ಯರಲ್ಲಿಗೆ ಹೋಗಿ. ಮನೆಯಲ್ಲಿ ಉಳಿದ ಅಮಾಕ್ಸಿಸಿಲಿನ್ ಆಂಟಿಬಯೋಟಿಕ್ ಬಾಯಿಗೆ ಹಾಕಬೇಡಿ, ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು ಮೊಲದ ಜೀವಕ್ಕೇ ಕುತ್ತು ಬರುತ್ತದೆ.