ನಮ್ಮ ಬಡಾವಣೆಯ ಖೋ ಖೋ ಕ್ಲಬ್ಬು: ಆಟಕ್ಕೆ ಐದು ನಕ್ಷತ್ರ, ಫೋನಿಗೆ ನಾಲ್ಕು

ಮೂವತ್ತಾರು ವರ್ಷ ಅಂಚೆ ಇಲಾಖೆಯಲ್ಲಿ ದುಡಿದವನು ನಾನು. ಏಳನೆಯ ತರಗತಿಯ ಮೊಮ್ಮಗಳನ್ನು ವಾರದಲ್ಲಿ ನಾಲ್ಕು ಸಂಜೆ ಮೈಸೂರಿನ ನಮ್ಮ ಬಡಾವಣೆಯ ಖೋ ಖೋ ಕ್ಲಬ್ಬಿಗೆ ಕರೆದೊಯ್ಯುವುದು, ಒಂದೂವರೆ ಗಂಟೆ ಕಲ್ಲುಬೆಂಚಿನ ಮೇಲೆ ಕಾಯುವುದು, ಮಣ್ಣು ಮೆತ್ತಿಕೊಂಡವಳನ್ನು ಮನೆಗೆ ಕರೆತರುವುದು ಈಗ ನನ್ನ ಉದ್ಯೋಗ. ಹತ್ತು ತಿಂಗಳಾಯಿತು. ಮಗುವನ್ನು ಸೇರಿಸಬೇಕೆಂದು ವಿಚಾರಿಸುವವರಿಗೆ ನೆರವಾದೀತು ಎಂದು ಇದನ್ನು ಬರೆಯುತ್ತಿದ್ದೇನೆ.

ಆಟದ ವಿಷಯ ಬೇಗ ಮುಗಿಸುತ್ತೇನೆ. ಮಣ್ಣಿನ ಅಂಕಣ, ಎರಡು ಒಳ್ಳೆಯ ಮರದ ಕಂಬ, ತಿಂಗಳಿಗೆ 600 ರೂಪಾಯಿ. ಮೊಣಕಾಲ ಪಟ್ಟಿ ನಾವೇ ತರಬೇಕು. ಕುಡಿಯುವ ನೀರು ಚೆನ್ನಾಗಿದೆ, ಶೌಚಾಲಯ ಪರವಾಗಿಲ್ಲ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ಗೆದ್ದ ಭಾರತದ ಮಹಿಳಾ ತಂಡದಲ್ಲಿ ನಮ್ಮ ಜಿಲ್ಲೆಯ, ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ ಇದ್ದರಲ್ಲ, ಅವರ ಚಿತ್ರವನ್ನು ಪತ್ರಿಕೆಯಿಂದ ಕತ್ತರಿಸಿ ಕ್ಲಬ್ಬಿನ ಗೋಡೆಗೆ ಅಂಟಿಸಿದ್ದಾರೆ. ಕೋಚ್ ಕೂಗಾಡುವವರಲ್ಲ. ಕಂಬದ ಬಳಿ ಧುಮುಕುವುದನ್ನು ಮೂರು ವಾರ ಮರಳಿನ ಗುಂಡಿಯಲ್ಲಿ ಕಲಿಸಿದ ಮೇಲೆಯೇ ಮಣ್ಣಿಗೆ ಬಿಟ್ಟರು. ಐದಕ್ಕೆ ಐದು.

ನಾನು ಈ ಕ್ಲಬ್ಬನ್ನು ಆರಿಸಿದ್ದು ಮಾತ್ರ ಆಟಕ್ಕಾಗಿ ಅಲ್ಲ, ಫೋನಿಗಾಗಿ. ಮೊದಲು ಅವಳು ಹೋಗುತ್ತಿದ್ದ ಇನ್ನೊಂದು ಕ್ಲಬ್ಬಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಇನ್ನೂರಕ್ಕೂ ಹೆಚ್ಚು ಜನರಿದ್ದರು. ಬೆಳಗಾದರೆ ತಾವರೆ ಹೂವು, ಶುಭೋದಯ, ದೇವರ ಪಟ, ಸೈಟು ಮಾರಾಟ. ನಾಳೆ ಅಭ್ಯಾಸವಿದೆಯೋ ಇಲ್ಲವೋ ಎಂಬ ಒಂದು ಸಾಲು ಅದರಡಿ ಎಲ್ಲೋ ಹೂತುಹೋಗಿರುತ್ತಿತ್ತು. ಖೋ ಖೋದಲ್ಲಿ ಬೆನ್ನ ಹಿಂದಿನಿಂದ ‘ಖೋ’ ಸಿಗುವ ಮುನ್ನ ಕುಳಿತವರು ಎದ್ದರೆ ಅದು ತಪ್ಪು. ಆ ಗುಂಪಿನಲ್ಲಿ ಎಲ್ಲರೂ ಎದ್ದೇ ಇರುತ್ತಿದ್ದರು. ಅದನ್ನೂ ಸಹಿಸಿಕೊಳ್ಳುತ್ತಿದ್ದೆ. ಆದರೆ ಒಂದು ಸಂಜೆ ನಮ್ಮ ಹುಡುಗಿ ಎಡವಿ ಮುಖ ಅಡಿಯಾಗಿ ಬಿದ್ದದ್ದನ್ನು ಯಾರೋ ಚಿತ್ರೀಕರಿಸಿ ಗುಂಪಿಗೆ ಹಾಕಿದರು. ಕೆಳಗೆ ಸಾಲು ಸಾಲು ನಗುವ ಮುಖಗಳು. ರಾತ್ರಿಯೊಳಗೆ ಅದು ಎರಡು ಜನರ ಸ್ಟೇಟಸ್ಸಿನಲ್ಲಿತ್ತು, ಬೆಳಗಾಗುವಷ್ಟರಲ್ಲಿ ಅವಳ ತರಗತಿಯಲ್ಲಿತ್ತು. ಅಂಚೆ ಕಾರ್ಡಿನಲ್ಲಿ ಬರೆದದ್ದನ್ನು ಬಟವಾಡೆಯವನೂ ಓದುತ್ತಾನೆ ಎಂಬುದು ಹಿಂದಿನವರಿಗೆ ತಿಳಿದಿತ್ತು, ಹೇಳಬಾರದ್ದನ್ನು ಲಕೋಟೆಯೊಳಗಿಟ್ಟು ಅಂಟಿಸುತ್ತಿದ್ದರು. ಮಗು ಒಂಬತ್ತು ದಿನ ಮೈದಾನದತ್ತ ಸುಳಿಯಲಿಲ್ಲ.

ಇಲ್ಲಿ ಸೇರುವಾಗ ಕೊಟ್ಟ ಅರ್ಜಿಯಲ್ಲಿ ಎರಡು ಸಹಿ ಕೇಳಿದರು. ಒಂದು ಆಟಕ್ಕೆ, ಇನ್ನೊಂದು ಫೋಟೋ ಮತ್ತು ವಿಡಿಯೊಗೆ. ಎರಡನೆಯದಕ್ಕೆ ‘ಬೇಡ’ ಎಂದು ಗುರುತು ಹಾಕಿದರೂ ಮಗುವನ್ನು ಸೇರಿಸಿಕೊಳ್ಳುತ್ತಾರೆ. ನಾನು ಹಾಕಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ವರ್ಷ ತುಂಬದವರೆಲ್ಲ ಮಕ್ಕಳೇ, ಅವರ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕು ಎಂದು ಕಾರ್ಯದರ್ಶಿಯವರು ವಿವರಿಸಿದರು. ನಿವೃತ್ತ ಬ್ಯಾಂಕ್ ಅಧಿಕಾರಿ, ಕಾಗದದ ವಿಷಯದಲ್ಲಿ ನನಗಿಂತ ಒಂದು ತೂಕ ಹೆಚ್ಚು.

ಸೂಚನೆಗೆಂದೇ ಒಂದು ಪ್ರಕಟಣೆಯ ಗುಂಪಿದೆ. ಅದರಲ್ಲಿ ಕೋಚ್ ಮತ್ತು ಕಾರ್ಯದರ್ಶಿ ಮಾತ್ರ ಬರೆಯಬಲ್ಲರು, ಸದಸ್ಯರ ಮೊಬೈಲ್ ನಂಬರು ಉಳಿದ ಸದಸ್ಯರಿಗೆ ಕಾಣುವುದಿಲ್ಲ. ಹರಟೆಗೆ ಬೇರೆ ಗುಂಪು, ಇಷ್ಟವಿದ್ದವರು ಸೇರಬಹುದು. ನಾನು ಸೇರಿಲ್ಲ. ಕೋಚ್ ಯಾವ ಮಗುವಿಗೂ ನೇರವಾಗಿ ಸಂದೇಶ ಕಳಿಸುವುದಿಲ್ಲ. ದೊಡ್ಡ ಹುಡುಗಿಯರಿಗೆ ಏನಾದರೂ ತಿಳಿಸಬೇಕಿದ್ದರೆ ತಂದೆಯೋ ತಾಯಿಯೋ ಜೊತೆಗಿರುವ ಗುಂಪಿನಲ್ಲೇ ತಿಳಿಸುತ್ತಾರೆ. ಇದನ್ನು ಅವರು ದೊಡ್ಡ ವಿಷಯವೆಂಬಂತೆ ಹೇಳಿಕೊಳ್ಳುವುದೂ ಇಲ್ಲ. ಗೇಟಿನ ಕರಿಹಲಗೆಯ ಮೇಲೆ ಮಕ್ಕಳ ಸಹಾಯವಾಣಿ 1098, ಸೈಬರ್ ವಂಚನೆಗೆ 1930 ಎಂದು ಬಣ್ಣದಲ್ಲಿ ಬರೆಸಿದ್ದಾರೆ, ಮಳೆಗೆ ಅಳಿಸದಂತೆ.

ಒಮ್ಮೆ ಪಂದ್ಯವೊಂದರಲ್ಲಿ ಸೋತ ರಾತ್ರಿ ಹುಡುಗನೊಬ್ಬನ ತಂದೆ ಹರಟೆಯ ಗುಂಪಿನಲ್ಲಿ ತೀರ್ಪುಗಾರರ ಜಾತಿ ಎತ್ತಿ ಬರೆದರಂತೆ. ಹತ್ತೂವರೆಯ ಹೊತ್ತು. ಕಾರ್ಯದರ್ಶಿ ಅದನ್ನು ಎಲ್ಲರಿಗೂ ಕಾಣದಂತೆ ಅಳಿಸಿ, ಗುಂಪಿನಲ್ಲಿ ಒಂದಕ್ಷರವೂ ಬರೆಯದೆ, ಮರುದಿನ ಬೆಳಿಗ್ಗೆ ಅವರ ಮನೆಗೇ ಹೋಗಿ ಕಾಫಿ ಕುಡಿದು ಬಂದರು. ಏನು ಮಾತಾಡಿದರೋ ತಿಳಿಯದು. ಆ ತಂದೆ ಈಗಲೂ ಬರುತ್ತಾರೆ, ಬೆಂಚಿನ ಆಚೆ ತುದಿಯಲ್ಲಿ ಕೂರುತ್ತಾರೆ.

ನಕ್ಷತ್ರ ಒಂದು ಕಡಿಮೆಯಾದದ್ದಕ್ಕೆ ಕಾರಣಗಳಿವೆ. ಆಷಾಢದ ಒಂದು ದಿನ ಐದೂಮುಕ್ಕಾಲಿಗೆ ‘ಮಳೆ, ಇಂದು ಅಭ್ಯಾಸವಿಲ್ಲ’ ಎಂದು ಸಂದೇಶ ಬಂತು. ಆರಕ್ಕೆ ಅಭ್ಯಾಸ. ಗುಂಡಿಯ ಫೋನಿಟ್ಟುಕೊಂಡ ಅಜ್ಜಿಯೊಬ್ಬರು ಮೊಮ್ಮಗನೊಡನೆ ಗೇಟಿನ ಬಳಿ ನೆನೆಯುತ್ತಾ ನಿಂತಿದ್ದರು. ಎಲ್ಲರ ಕೈಯಲ್ಲೂ ದೊಡ್ಡ ಫೋನಿರುತ್ತದೆ ಎಂದು ಇವರು ಲೆಕ್ಕ ಹಾಕಿದ್ದರು. ನಾನು ಜಗಳವಾಡಿದ ಮೇಲೆ ಅಂಥ ಏಳು ಮನೆಗಳ ಪಟ್ಟಿ ಮಾಡಿದ್ದಾರೆ, ಅವರಿಗೆ ಕರೆ ಹೋಗುತ್ತದೆ. ಇನ್ನೊಂದು, ಕ್ಲಬ್ಬಿನ ಇನ್‌ಸ್ಟಾಗ್ರಾಂ ಖಾತೆಯನ್ನು ಹಿರಿಯ ಹುಡುಗರ ಕೈಗೆ ಕೊಟ್ಟಿದ್ದಾರೆ. ಒಮ್ಮೆ ಅವರು ಹಾಕಿದ ತಂಡದ ಚಿತ್ರದಲ್ಲಿ ಶಾಲೆಯ ಲಾಂಛನ, ಅಭ್ಯಾಸದ ಸಮಯ, ಮೈದಾನದ ಗುರುತು ಎಲ್ಲವೂ ಇತ್ತು. ನಡುವೆ ನಮ್ಮವಳು. ಹೇಳಿದ ಎರಡು ಗಂಟೆಯಲ್ಲಿ ತೆಗೆದರು, ಸರಿ. ಹಾಕುವ ಮುನ್ನ ಅರ್ಜಿಗಳ ಕಡತ ನೋಡುವವರು ಯಾರು ಎಂಬುದಕ್ಕೆ ಉತ್ತರ ಸಿಕ್ಕಿದ್ದು ಮೂರು ವಾರದ ಮೇಲೆ.

ಆ ಚಿತ್ರ ಅಳಿಸಿದ ದಿನ ಮನೆಗೆ ಬಂದರೆ ಮೊಮ್ಮಗಳು ಊಟ ಮಾಡಲಿಲ್ಲ. “ತಾತ, ಎಲ್ಲರ ಫೋಟೋ ಇತ್ತು. ನನ್ನಿಂದಾಗಿ ಎಲ್ಲರದ್ದೂ ಹೋಯಿತು” ಎಂದಳು. ನಾನು ಹಳೆಯ ವಿಡಿಯೊದ ನೆನಪು ತೆಗೆದೆ. “ಅದು ಬಿದ್ದದ್ದು, ಇದು ಗೆದ್ದದ್ದು” ಎಂದಳು. ಅರ್ಜಿಯಲ್ಲಿ ಪೋಷಕರನ್ನು ಕೇಳುವ ಜಾಗವಿದೆ, ಮಗುವನ್ನು ಕೇಳುವ ಜಾಗವಿಲ್ಲ. ಕಾರ್ಯದರ್ಶಿಯವರಿಗೆ ಇದನ್ನು ಹೇಳಿದಾಗ ಕನ್ನಡಕ ತೆಗೆದು ಒರೆಸಿಕೊಂಡರು, ಏನೂ ಹೇಳಲಿಲ್ಲ.

ಮೊನ್ನೆ ನವೀಕರಣದ ಅರ್ಜಿ ಬಂತು. ನನ್ನ ಸಹಿಯ ಕೆಳಗೆ ಹೊಸದಾಗಿ ಒಂದು ಗೆರೆ ಎಳೆದಿದ್ದಾರೆ: ‘ಆಟಗಾರರ ಅಭಿಪ್ರಾಯ’. ನಾನು ಈ ಸಲ ‘ಆಗಬಹುದು, ಶಾಲೆಯ ಹೆಸರು ಬೇಡ’ ಎಂದು ಬರೆದೆ. ಅವಳು ಪೆನ್ನು ಕಿತ್ತುಕೊಂಡು ದುಂಡಕ್ಷರದಲ್ಲಿ ಬರೆದಳು: ‘ಬಿದ್ದ ಫೋಟೋ ಮೊದಲು ನನಗೆ ತೋರಿಸಬೇಕು.’