ಗುಡ್ಡದ ಬುಡದಾಗ ಮನಿ ಕಟ್ಟೋರು ಜೆಸಿಬಿ ಕರೆಸೋ ಮೊದಲು ಇದನ್ನ ಓದ್ರಿ

ಗದಗ ಜಿಲ್ಲೆಯ ಕಪ್ಪತಗುಡ್ಡದ ಸೆರಗಿನ ಹಳ್ಳಿಯೊಂದರಲ್ಲಿ ಚೆಂದಗೆ ಕಟ್ಟಿದ ಮನೆ ಎರಡನೇ ಮಳೆಗಾಲಕ್ಕೇ ಸೀಳಿದೆ. ಕಿಟಕಿ ಮೂಲೆಯಿಂದ ಸ್ಲ್ಯಾಬಿನವರೆಗೆ ಓರೆ ಬಿರುಕು. ಇಳಿಜಾರಿನ ಕಡೆಯ ಕೋಣೆಗಳ ನೆಲ ಕುಸಿದಿದೆ, ಅಂಗಳದ ತಡೆಗೋಡೆ ಹೊಟ್ಟೆ ಬಿಟ್ಟಿದೆ. ಗುತ್ತಿಗೆದಾರ ಸಿಮೆಂಟನ್ನು ದೂರಿದ. ಸಿಮೆಂಟು ಸರಿಯಾಗೇ ಇತ್ತು, ಜಾಗ ಸಮ ಮಾಡಿದ ರೀತಿಯೇ ತಪ್ಪಾಗಿತ್ತು.

ಜಾಗ 40 ಅಡಿಗೆ 10 ಅಡಿ ಇಳಿಯುತ್ತಿತ್ತು. ಮೇಲ್ಭಾಗ ಕಡಿದು ಅದೇ ಮಣ್ಣನ್ನು ಕೆಳಕ್ಕೆ ದೂಡಿ ಮೈದಾನ ಮಾಡಿದರು. ಅರ್ಧ ಮನೆ ಗಟ್ಟಿ ಗರಸಿನ (ಕಲ್ಲುಚೂರು ಬೆರೆತ ಮಣ್ಣಿನ) ಮೇಲೆ, ಇನ್ನರ್ಧ ಸಡಿಲ ಭರ್ತಿಯ ಮೇಲೆ ನಿಂತಿತು. ಭರ್ತಿಯ ಅಡಿಗಿದ್ದ ಎರೆ, ಅಂದರೆ ಕಪ್ಪು ಮಣ್ಣನ್ನೂ ಕೆರೆದು ತೆಗೆದಿರಲಿಲ್ಲ. ಎರೆ ನೀರು ಕುಡಿದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ, ಗರಸು ಕದಲುವುದಿಲ್ಲ. ಗೋಡೆಯ ಒಂದು ತುದಿ ನಿಂತು ಇನ್ನೊಂದು ಏರಿಳಿದರೆ, ಬಲ ಕಡಿಮೆ ಇರುವ ಕಿಟಕಿ ಬಾಗಿಲುಗಳ ಮೂಲೆಯೇ ಮೊದಲು ಒಡೆಯುತ್ತದೆ.

ತಡೆಗೋಡೆಯದು ಇನ್ನೂ ದೊಡ್ಡ ಅನ್ಯಾಯ. ಸಂದುಗಳಿಗೆಲ್ಲ ಸಿಮೆಂಟು ಮೆತ್ತಿ, ನೀರು ಹೊರಬರಲು ಒಂದು ತೂತನ್ನೂ ಬಿಟ್ಟಿರಲಿಲ್ಲ. ಹುಬ್ಬಿ, ಉತ್ತರಿ ಮಳೆ ಹೊಡೆದಾಗ ಬೆನ್ನಿಗೆ ನಿಂತ ನೀರು ಮಣ್ಣಿನ ಜೊತೆ ಸೇರಿ ಗೋಡೆಯನ್ನು ದಬ್ಬಿತು. 5 ಅಡಿ ಎತ್ತರದ ಕಲ್ಲಿನ ಗೋಡೆಗೆ ಬುಡದಲ್ಲಿ ಎರಡೂವರೆಯಿಂದ 3 ಅಡಿ ದಪ್ಪ ಬೇಕು, ಅಲ್ಲಿದ್ದದ್ದು ಒಂದೂಕಾಲು. 5 ಅಡಿಗೊಂದು 3 ಇಂಚಿನ ಪೈಪು ಹೊರಕ್ಕೆ ವಾಟವಾಗಿ ಇರಲಿ, ಬೆನ್ನಿಗೆ ಒಂದು ಅಡಿ ದಪ್ಪ ಜಲ್ಲಿ ತುಂಬಲಿ. ಗಾರೆಯಿಲ್ಲದೆ ಪೇರಿಸಿದ ಹೊಲದ ಒಡ್ಡುಗಳು ಬಾಳುವುದು ಸಂದಿಯಲ್ಲಿ ನೀರು ಹರಿದುಹೋಗುವುದರಿಂದಲೇ.

ಇಂಥ ಜಾಗದಲ್ಲಿ ಮನೆಯ ಉದ್ದವನ್ನು ಇಳಿಜಾರಿಗೆ ಅಡ್ಡಲಾಗಿಡಿ, ಅಗಲ 20 ಅಡಿ ದಾಟದಿರಲಿ. ಆಗ ಇಳಿತ 5 ಅಡಿ ಮಾತ್ರ. ಪಡಸಾಲೆ ಮೇಲೆ, ಅಡುಗೆಮನೆ ಎರಡೂವರೆ ಅಡಿ ಕೆಳಗೆ, ನಡುವೆ ಅರ್ಧ ಅಡಿಯ ಐದು ಮೆಟ್ಟಿಲು ಇಟ್ಟರೆ ಕಡಿತವೂ ಭರ್ತಿಯೂ ಒಂದೂಕಾಲು ಅಡಿಗೆ ಮುಗಿಯುತ್ತವೆ. ಮನೆ ತಗ್ಗಾಗಿ ಕೂರುತ್ತದೆ, ಹಿಂದಿನ ಗುಡ್ಡ ಮರೆಯಾಗುವುದಿಲ್ಲ.

ಪಾಯ ಮಾತ್ರ ಎಲ್ಲ ಕಡೆಯೂ ಗರಸು ಮುಟ್ಟಲೇಬೇಕು. ಒಂದೂವರೆ ಅಡಿಯ ಮೆಟ್ಟಿಲಾಗಿ ಇಳಿಸಿ, ಮೇಲಿನದು ಕೆಳಗಿನದರ ಮೇಲೆ 3 ಅಡಿಯಾದರೂ ಹಾಯಲಿ. ಎರೆ ತೀರಾ ಆಳವಿದ್ದರೆ ಬುಡದಲ್ಲಿ ಗುಂಡಿನಂತೆ ಅಗಲವಾಗುವ ಕಾಂಕ್ರೀಟ್ ಕಂಬ, ಅಂದರೆ ಅಂಡರ್‌ರೀಮ್ಡ್ ಪೈಲ್ ಹಾಕಿಸಿ. ಅದು ಕನಿಷ್ಠ ಮೂರೂವರೆ ಮೀಟರ್ ಇಳಿಯಬೇಕು. ಪೈಲ್‌ಗಳ ಮೇಲೆ ಕೂತು ಗೋಡೆ ಹೊರುವ ಪ್ಲಿಂತ್ ಬೀಮಿನ ಕೆಳಗೆ 3 ಇಂಚು ಖಾಲಿ ಬಿಡಿ, ಇಲ್ಲದಿದ್ದರೆ ಉಬ್ಬಿದ ಎರೆ ಬೀಮನ್ನೇ ಎತ್ತುತ್ತದೆ. ನೆಲದ ಭರ್ತಿಗೆ ಗರಸೇ ಬೇಕು, 6 ಇಂಚಿಗೊಂದು ಪದರ, ನೀರು ಹಾಕಿ ದಮ್ಮಸು. ಗುಡ್ಡದ ಕಡೆಯಿಂದ ಬರುವ ನೀರಿಗೆ ಗೋಡೆಯಿಂದ 6 ಅಡಿ ದೂರದಲ್ಲಿ ಕಲ್ಲು ಹಾಸಿದ ಕಾಲುವೆ ತೆಗೆದು ಹಳ್ಳಕ್ಕೆ ಬಿಡಿ.

ಕಪ್ಪತಗುಡ್ಡ 2019ರಿಂದ ವನ್ಯಜೀವಿಧಾಮ. ಸರ್ವೆ ನಂಬರನ್ನು ಅದರ ಗಡಿಯೊಂದಿಗೆ ತಾಳೆ ನೋಡದೆ ಮುಂಗಡ ಕೊಡಬೇಡಿ.

ಈಗಾಗಲೇ ಬಿರುಕು ಬಿಟ್ಟವರು ಪುಟ್ಟಿ ಮೆತ್ತಿ ಮುಚ್ಚಬೇಡಿ. ಮೊದಲು ನೀರಿನ ದಾರಿ ತಪ್ಪಿಸಿ. ಬಿರುಕಿಗೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿಯ ಎರಡೂ ತುದಿಗೆ ಗಾರೆ ಹಾಕಿ, ತಾರೀಖು ಬರೆದಿಡಿ. ಗಾಜು ಒಡೆದರೆ ಮನೆ ಇನ್ನೂ ಕದಲುತ್ತಿದೆ, ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆಸಿ ಪಾಯ ತೋರಿಸಿ. ಒಂದು ಮಳೆಗಾಲ, ಒಂದು ಬೇಸಿಗೆ ಒಡೆಯದೆ ಉಳಿದರಷ್ಟೇ ಬಿರುಕು ತುಂಬಿಸಿ.