ಮಂಡ್ಯದ ಶನಿವಾರದ ಗಣಿತ ಕ್ಲಾಸು: ಎಂಟು ವಾರದ ಮೇಲೆ ನನ್ನ ಅಭಿಪ್ರಾಯ

ಮಾನಸಗಂಗೋತ್ರಿಯಲ್ಲಿ ಎಂಎಸ್ಸಿ ಓದುತ್ತಿದ್ದೇನೆ. ಬೈಆಲ್ಜೀಬ್ರಾ (ಗುಣಿಸುವ ನಿಯಮದ ಜೊತೆ ಅದಕ್ಕೆ ಹೊಂದುವ ಒಡೆಯುವ ನಿಯಮವೂ ಇರುವ ರಚನೆ) ಎಂದಮೇಲೆ ಅದು ಹಾಪ್ಫ್ ಆಲ್ಜೀಬ್ರಾನೂ (ಆಂಟಿಪೋಡ್ ಎಂಬ, ವಿಲೋಮದಂಥ ನಕ್ಷೆಯೂ ಇರುವ ಬೈಆಲ್ಜೀಬ್ರಾ) ಹೌದು ಎಂದು ಟೆಸ್ಟಿನಲ್ಲಿ ಬರೆದು ಆರು ಅಂಕ ಕಳೆದುಕೊಂಡೆ. ಆಮೇಲೆ ಸುಭಾಷ್ ನಗರದಲ್ಲಿ ನಿವೃತ್ತ ಮೇಷ್ಟ್ರೊಬ್ಬರು ಮನೆಯಲ್ಲೇ ನಡೆಸುವ ಕ್ಲಾಸಿಗೆ ಸೇರಿದೆ. ಎರಡು ಗಂಟೆಗೆ 300 ರೂಪಾಯಿ.

ಮೊದಲ ದಿನವೇ ಪಾಲಿನಾಮಿಯಲ್ ಹಿಡಿದರು. ಎಕ್ಸ್ ಅನ್ನು ಎಕ್ಸ್ ⊗ ಎಕ್ಸ್ ಎಂದು ಒಡೆದರೆ (⊗ ಎಂದರೆ ಒಡೆದ ಎರಡು ತುಂಡುಗಳ ಜೋಡಿ) ಆಂಟಿಪೋಡ್ ಅದರ ವಿಲೋಮವನ್ನೇ, ಅಂದರೆ 1/ಎಕ್ಸ್ ಅನ್ನೇ, ಕೊಡಬೇಕು. ಪಾಲಿನಾಮಿಯಲ್‌ಗಳಲ್ಲಿ ಅದು ಎಲ್ಲಿದೆ? ಅದೇ ಎಕ್ಸ್ ⊗ 1 + 1 ⊗ ಎಕ್ಸ್ ಎಂದು ಒಡೆದರೆ ಆಂಟಿಪೋಡ್ ಮೈನಸ್ ಎಕ್ಸ್, ಅಷ್ಟೇ. ಗುಣಾಕಾರ ಎರಡರಲ್ಲೂ ಒಂದೇ. ನನ್ನ ಆರು ಅಂಕ ಹೋದದ್ದು ಎಲ್ಲಿ ಅಂತ ಆವತ್ತು ಗೊತ್ತಾಯಿತು.

ನಾಲ್ಕನೇ ವಾರ ಟೆನ್ಸರ್ ಕೋಆಲ್ಜೀಬ್ರಾ. ಕೋಆಲ್ಜೀಬ್ರಾ ಎಂದರೆ ಒಡೆಯುವ ನಿಯಮವಿರುವ ರಚನೆ; ಇಲ್ಲಿ ಒಡೆಯುವುದು ಅಕ್ಷರಗಳ ಸಾಲನ್ನು. ಮೇಷ್ಟ್ರು ಒಂದು ಕಬ್ಬಿನ ತುಂಡು ತಂದು, ಅದರ ಮೂರು ಭಾಗಗಳ ಮೇಲೆ ಸೀಮೆಸುಣ್ಣದಲ್ಲಿ ಕ, ಚ, ಟ ಎಂದು ಬರೆದರು. "ಎಲ್ಲೆಲ್ಲಿ ಕತ್ತರಿಸಬಹುದು ಹೇಳವ್ವಾ." ಎರಡು ತುದಿಯೂ ಸೇರಿ ನಾಲ್ಕು ಕಡೆ: 1 ⊗ ಕಚಟ, ಕ ⊗ ಚಟ, ಕಚ ⊗ ಟ, ಕಚಟ ⊗ 1. ಇದಕ್ಕೆ ಗುಣಾಕಾರ ಯಾವುದು? ತುದಿಗೆ ತುದಿ ಜೋಡಿಸುವುದು ಈ ಕತ್ತರಿಸುವಿಕೆಗೆ ಹೊಂದುವುದಿಲ್ಲ. ಸಕ್ಕರೆ ಕಾರ್ಖಾನೆ ಗೇಟಿನಲ್ಲಿ ಎರಡು ಸಾಲಿನ ಕಬ್ಬಿನ ಗಾಡಿಗಳು ಒಂದೇ ಸಾಲಾಗುತ್ತವಲ್ಲ, ಹಾಗೆ: ಯಾರ ಸಾಲಿನ ಸರದಿಯೂ ಕೆಡದಂತೆ ಸೇರುವ ಎಲ್ಲ ರೀತಿಗಳ ಮೊತ್ತ. ಅದೇ ಶಫಲ್ ಗುಣಾಕಾರ. ಆಂಟಿಪೋಡ್ ಅಕ್ಷರಗಳನ್ನು ಹಿಂದುಮುಂದು ಮಾಡಿ, ಅಕ್ಷರಕ್ಕೊಂದು ಮೈನಸ್ ಹಾಕುತ್ತದೆ. ಎರಡಕ್ಷರಕ್ಕೆ ನಾನೇ ಬೋರ್ಡಿನ ಮೇಲೆ ತಾಳೆ ನೋಡಿದೆ: ಕಚ − (ಕಚ + ಚಕ) + ಚಕ. ಸೊನ್ನೆ! ಆ ಖುಷಿ ಮನೆ ತಲುಪುವವರೆಗೂ ಇತ್ತು. ಸೊನ್ನೆ ದರ್ಜೆಯಲ್ಲಿ ಬರೀ ಸಂಖ್ಯೆಗಳಿರುವ ಶ್ರೇಣೀಕೃತ (ದರ್ಜೆ ದರ್ಜೆಯಾಗಿ ವಿಂಗಡಿಸಿದ) ಬೈಆಲ್ಜೀಬ್ರಾಗಳಲ್ಲೆಲ್ಲ ಆಂಟಿಪೋಡ್ ಹೀಗೇ ಕೆಳಗಿನಿಂದ ಮೆಟ್ಟಿಲು ಮೆಟ್ಟಿಲಾಗಿ ಸಿಗುತ್ತದಂತೆ. ಅದಕ್ಕೂ ಪ್ರಮಾಣ ಬರೆಸಿದರು.

ಬೇಜಾರಾದದ್ದೂ ಇದೆ. ಯಾವುದೇ ಕೋಆಲ್ಜೀಬ್ರಾದಿಂದ ಮುಕ್ತ (ಬೇರೆ ನಿರ್ಬಂಧ ಹೇರದ) ಹಾಪ್ಫ್ ಆಲ್ಜೀಬ್ರಾ ಕಟ್ಟುವ ಬಗೆಯನ್ನು ಜಪಾನಿನ ಗಣಿತಜ್ಞ ತಾಕೆಯುಚಿ 1971ರಲ್ಲಿ ತೋರಿಸಿದ್ದರು. ನನಗೆ ಮುಖ್ಯವಾಗಿ ಬೇಕಿದ್ದದ್ದೇ ಅದು, ಹತ್ತು ನಿಮಿಷದಲ್ಲಿ ಓಡಿಸಿಬಿಟ್ಟರು. ಕೇಳಿದ್ದಕ್ಕೆ ಮುಂದಿನ ತಿಂಗಳು ಎಂದಿದ್ದಾರೆ. ನೋಟ್ಸ್ ಕೊಡುವುದಿಲ್ಲ, ಫೋಟೋ ತೆಗೆಯಲೂ ಬಿಡುವುದಿಲ್ಲ.

ಉಪನ್ಯಾಸಕ ಅರ್ಹತೆಯ ನೆಟ್, ಕೆಸೆಟ್ ಪರೀಕ್ಷೆಗಳ ತಯಾರಿಗೆಂದು ಹೋಗುವವರಿಗೆ ಇದು ಆಗಿಬರುವುದಿಲ್ಲ. ಹೋಗುವುದಾದರೆ ಹತ್ತು ನಿಮಿಷ ಮುಂಚೆ ಹೋಗಿ ಮುಂದಿನ ಬೆಂಚು ಹಿಡಿಯಿರಿ, ಮೇಷ್ಟ್ರ ಅಕ್ಷರ ಬಹಳ ಸಣ್ಣದು.